ಬೀಟೆ ಮರದ ಇನ್‌ಲೇ ಉಂಗುರ: ಸಣ್ಣ ಲೇತಿನಲ್ಲಿ ತಯಾರಿಕಾ ಕ್ರಮ

ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸಕ್ಕೆ 2005-06ನೇ ಸಾಲಿನಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಅಂಬಾವಿಲಾಸ ಅರಮನೆಯ ಬಾಗಿಲುಗಳಲ್ಲಿ ದಂತವನ್ನು ಕೂರಿಸಿ ಮೆರೆದ ಈ ಕಲೆಯು ದಂತದ ವ್ಯಾಪಾರ ನಿಷೇಧಗೊಂಡ ಬಳಿಕ ಬಣ್ಣದ ಮರದ ಚೂರು ಹಾಗೂ ಪ್ಲಾಸ್ಟಿಕ್ಕಿನತ್ತ ಹೊರಳಿತು. ಈಗ ಬೀಟೆಯೇ ದುಬಾರಿ. ಚಿತ್ರಫಲಕ, ಪೆಟ್ಟಿಗೆಗಳಿಗೆ ಕೊಯ್ದು ಉಳಿದ ವಿನೀರ್ ಪಟ್ಟಿಗಳು ಹಲವೆಡೆ ಕಸಕ್ಕೆ ಸೇರುತ್ತವೆ. ಇವುಗಳಿಂದ ಇನ್‌ಲೇ ಉಂಗುರ ತಯಾರಿಸುವುದು ಸಣ್ಣ ಕಾರ್ಖಾನೆಗಳಿಗೆ ಸಾಧ್ಯವಾದ ಉಪಕಸುಬು.

ಇಡಿ ಮರದ ತುಂಡಿಗೆ ರಂಧ್ರ ಕೊರೆದು ಕಡೆಯುವುದೇ ಸುಲಭವೆಂದು ತೋರಬಹುದು. ಆದರೆ ಅಂತಹ ಉಂಗುರದಲ್ಲಿ ಮರದ ಎಳೆಗಳು ಒಂದೇ ದಿಕ್ಕಿಗೆ ಸಾಗುವುದರಿಂದ ಎದುರುಬದುರಿನ ಎರಡು ಕಡೆ ಎಳೆ ತುಂಡಾಗಿರುತ್ತದೆ. ಕೈಜಾರಿ ನೆಲಕ್ಕೆ ಬಿದ್ದರೆ ಅಲ್ಲಿಯೇ ಒಡೆಯುತ್ತದೆ. ಹಿಂದಿರುಗಿ ಬಂದ ಮಾಲಿನ ನಷ್ಟವು ಉಳಿಸಿದ ಶ್ರಮವನ್ನು ನುಂಗಿಹಾಕುತ್ತದೆ. ವಿನೀರ್ ಪಟ್ಟಿಯನ್ನು ಸುತ್ತಿ ಮಾಡಿದರೆ ಎಳೆಯು ಉಂಗುರದ ಸುತ್ತಲೂ ಸಾಗಿ ಬಲ ಕೊಡುತ್ತದೆ.

ಭಾರತೀಯ ಅಳತೆಯ 16ನೇ ಸಂಖ್ಯೆಯ ಉಂಗುರದ ಒಳಸುತ್ತು ಸುಮಾರು 56 ಮಿ.ಮೀ. 0.6 ಮಿ.ಮೀ. ದಪ್ಪದ ಪಟ್ಟಿಯನ್ನು ನಾಲ್ಕು ಸುತ್ತು ಸುತ್ತಿದರೆ 2.4 ಮಿ.ಮೀ. ಗೋಡೆ ದೊರೆಯುತ್ತದೆ, ಇದಕ್ಕೆ ಸುಮಾರು 26 ಸೆಂ.ಮೀ. ಉದ್ದದ, 10 ಮಿ.ಮೀ. ಅಗಲದ ಪಟ್ಟಿ ಸಾಕು. ಪಟ್ಟಿಯ ಎರಡೂ ತುದಿಗಳನ್ನು ಉಜ್ಜಿ ತೆಳುವಾಗಿಸಿ, ಬಿಸಿನೀರಿನಲ್ಲಿ ನೆನೆಸಿ, ಗೂಟಕ್ಕೆ ಸುತ್ತಿ ಕಟ್ಟಿ ಪೂರ್ಣ ಒಣಗಿಸಬೇಕು. ಹಸಿಯಿದ್ದಾಗಲೇ ಅಂಟಿಸುವ ಅವಸರವು ಮುಂದೆ ಪದರ ಬಿಡಿಸುತ್ತದೆ. ಒಣಗಿದ ಮೇಲೆ ಬಿಚ್ಚಿ, ಅಂಟು ಸವರುತ್ತ ಮತ್ತೆ ಸುತ್ತಬೇಕು. ಗೂಟಕ್ಕೆ ಮೊದಲೇ ಮೇಣ ಬಳಿದಿರಬೇಕು. ಮರದ ಉಂಗುರವನ್ನು ಅಕ್ಕಸಾಲಿಗನಂತೆ ಬಡಿದು ಹಿಗ್ಗಿಸಲಾಗದು. ಅಳತೆಯು ಇಲ್ಲಿಯೇ ನಿಶ್ಚಿತವಾಗುತ್ತದೆ.

ಬಳಿಕ ಉಂಗುರವನ್ನು ಲೇತಿಗೇರಿಸಿ ಅಂಚುಗಳನ್ನು ಸಮಮಾಡಿ, ನಡುವೆ 2 ಮಿ.ಮೀ. ಅಗಲ, 1 ಮಿ.ಮೀ. ಆಳದ ಕಾಲುವೆ ತೆಗೆಯಬೇಕು. ಇದಕ್ಕಿಂತ ಆಳವಾದರೆ ತಳ ನಿಲ್ಲದು. ಹಲಸಿನಂತಹ ಹಳದಿ ಮರದ ಕಿರುಚೂರುಗಳನ್ನು ಒಂದೊಂದಾಗಿ ಕೂರಿಸುವುದು ಇನ್‌ಲೇ ಕುಶಲಕರ್ಮಿಯ ಕೈಗೆ ಸಹಜವೇ. ಹಿತ್ತಾಳೆಯ ಪುಡಿಯನ್ನು ಅಂಟಿನೊಂದಿಗೆ ತುಂಬುವುದು ಶೀಘ್ರವಾದ ಮಾರ್ಗ. ಮೈಸೂರಿನ ಗುರುತು ಉಳಿಯುವುದು ಮಾತ್ರ ಮೊದಲನೆಯದರಲ್ಲಿ. ನಯವಾದ ಉಪ್ಪುಕಾಗದದಿಂದ ಉಜ್ಜಿ, ನೀರಿಗೆ ಜಗ್ಗದ ತೆಳು ಲೇಪವನ್ನು ಹಲವು ಬಾರಿ ಕೊಡಬೇಕು. ಬೀಟೆಯ ಧೂಳು ಕೆಲವರಿಗೆ ತುರಿಕೆ, ಉಸಿರಾಟದ ತೊಂದರೆ ತರುವುದರಿಂದ ಮುಖಗವುಸು ಕಡ್ಡಾಯ.

ರಫ್ತು ಬಯಸುವವರು ಗಮನಿಸಬೇಕಾದುದೊಂದಿದೆ. ಬೀಟೆಯ ಕುಲದ ಬಹುತೇಕ ಮರಗಳು 2017ರ ಜನವರಿಯಿಂದ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. 2019ರ ತಿದ್ದುಪಡಿಯಂತೆ ಒಂದು ರವಾನೆಯಲ್ಲಿ 10 ಕಿಲೋಗ್ರಾಂ ಮರದವರೆಗಿನ ಸಿದ್ಧವಸ್ತುಗಳಿಗೆ ಆ ಪರವಾನಗಿಯ ಅಗತ್ಯವಿಲ್ಲ. ಉಂಗುರವೊಂದರ ತೂಕ ಒಂದು ಗ್ರಾಂ ಆಸುಪಾಸು. ಸಾವಿರ ಉಂಗುರಗಳ ಪೊಟ್ಟಣವೂ ಈ ಮಿತಿಯೊಳಗೆ ಸುಲಭವಾಗಿ ಬರುತ್ತದೆ. ಆದರೂ ಮರ ಖರೀದಿಸಿದ ರಸೀದಿಗಳನ್ನು ಜೋಪಾನವಾಗಿ ಇಟ್ಟುಕೊಂಡು, ಆಮದು ದೇಶದ ನಿಯಮಗಳನ್ನು ಮುಂಚಿತವಾಗಿ ವಿಚಾರಿಸಿಯೇ ಬೇಡಿಕೆ ಒಪ್ಪಿಕೊಳ್ಳುವುದು ಒಳಿತು.