ಹಿರಿಯದು ಮೊದಲೋ, ಕಿರಿಯದು ಮೊದಲೋ?

ಕನ್ನಡದಲ್ಲಿ ‘ಇಪ್ಪತ್ತೈದು’ ಎನ್ನುವಾಗ ಹತ್ತರ ಸ್ಥಾನ ಮೊದಲು ಬಂದು ಬಿಡಿಯ ಸ್ಥಾನ ಹಿಂಬಾಲಿಸುತ್ತದೆ. ಸಂಸ್ಕೃತದ ‘ಪಂಚವಿಂಶತಿ’ಯಲ್ಲಿ ಬಿಡಿಯಾದ ಐದೇ ಮುಂದಾಗುತ್ತದೆ. ಹೇಳುವ ಕ್ರಮ ಬೇರೆಯಾದರೂ ಸಂಖ್ಯೆ ಒಂದೇ. ಕೇಳುವವನಿಗೆ ಆಯಾ ಭಾಷೆಯ ರೂಢಿ ತಿಳಿದಿರುವುದರಿಂದ ಪ್ರಮಾದಕ್ಕೆ ಎಡೆಯಿಲ್ಲ. ಯಂತ್ರಗಳಲ್ಲಿಯೂ ಇಂತಹವೇ ಎರಡು ರೂಢಿಗಳಿವೆ. ಆದರೆ ಯಂತ್ರಕ್ಕೆ ಊಹಿಸಿ ತಿಳಿಯುವ ಶಕ್ತಿಯಿಲ್ಲ.

ಬಟ್ಟೆ ಒಗೆಯುವ ಯಂತ್ರ, ವಿದ್ಯುತ್ ಮೀಟರು, ಮೋಟಾರು ವಾಹನ ಮೊದಲಾದವುಗಳಲ್ಲಿ ಅಡಗಿ ಕೆಲಸ ಮಾಡುವ ಪುಟ್ಟ ಗಣಕಕ್ಕೆ ಮೈಕ್ರೋಕಂಟ್ರೋಲರ್ ಎಂದು ಹೆಸರು. ಅದರ ಸ್ಮೃತಿಯು ಸಾಲುಮನೆಗಳಂತೆ. ಒಂದೊಂದು ಮನೆಯಲ್ಲಿಯೂ ಎಂಟು ಬಿಟ್‌ಗಳ ಒಂದು ಬೈಟ್ ವಾಸಿಸುತ್ತದೆ. ಒಂದು ಬೈಟಿನಲ್ಲಿ 0ಯಿಂದ 255ರವರೆಗಿನ ಸಂಖ್ಯೆಗಳಿಗೆ ಮಾತ್ರ ಸ್ಥಳವುಂಟು. ಅದಕ್ಕಿಂತ ದೊಡ್ಡದನ್ನು ಹಲವು ಮನೆಗಳಿಗೆ ಹಂಚಬೇಕು. 258 ಎಂದರೆ ಒಂದು 256 ಮತ್ತು ಎರಡು ಬಿಡಿ. ಆದುದರಿಂದ ಅದರ ಬೈಟುಗಳು 1 ಮತ್ತು 2. ಹಿರಿಯದಾದ 1 ಮೊದಲ ಮನೆಯಲ್ಲಿ ನಿಂತರೆ ಅದು ‘ಬಿಗ್ ಎಂಡಿಯನ್’ ಕ್ರಮ. ಕಿರಿಯದಾದ 2 ಮೊದಲು ನಿಂತರೆ ‘ಲಿಟ್ಲ್ ಎಂಡಿಯನ್’ ಕ್ರಮ. 1964ರ ಐಬಿಎಂ ಸಿಸ್ಟಂ 360 ಗಣಕವು ಮೊದಲ ಕ್ರಮವನ್ನೂ, 1974ರ ಇಂಟೆಲ್ 8080 ಎರಡನೆಯ ಕ್ರಮವನ್ನೂ ಅನುಸರಿಸಿದವು.

ಈ ಹೆಸರುಗಳು ಜೊನಾಥನ್ ಸ್ವಿಫ್ಟನು 1726ರಲ್ಲಿ ಪ್ರಕಟಿಸಿದ ಗಲಿವರನ ಪ್ರವಾಸಕಥೆಯಿಂದ ಬಂದವು. ಅಲ್ಲಿ ಮೊಟ್ಟೆಯನ್ನು ದಪ್ಪ ತುದಿಯಿಂದ ಒಡೆಯಬೇಕೋ ಸಣ್ಣ ತುದಿಯಿಂದ ಒಡೆಯಬೇಕೋ ಎಂದು ಜನರು ಕಾದಾಡುತ್ತಾರೆ. 1980ರಲ್ಲಿ ಡ್ಯಾನಿ ಕೋಹೆನ್ ಎಂಬ ಗಣಕವಿಜ್ಞಾನಿ ಬೈಟುಗಳ ವಿವಾದಕ್ಕೆ ಈ ಹೆಸರುಗಳನ್ನು ಬಳಸಿದನು.

ಕಥೆಯ ಜಗಳ ನಗೆ ತರುತ್ತದೆ. ಯಂತ್ರಗಳ ಭಿನ್ನಾಭಿಪ್ರಾಯ ನಗೆಯ ಮಾತಲ್ಲ. ಒಂದು ಊರಿನ ನೀರಿನ ತೊಟ್ಟಿಯಲ್ಲಿರುವ ಮೈಕ್ರೋಕಂಟ್ರೋಲರ್ ನೀರಿನ ಮಟ್ಟವನ್ನು 258 ಸೆಂಟಿಮೀಟರ್ ಎಂದು ಅಳೆದು, ಕಿರಿಯ ಬೈಟನ್ನು ಮುಂದಿಟ್ಟು ‘2, 1’ ಎಂದು ಪಂಪಿನ ಮನೆಗೆ ಕಳುಹಿಸಿತೆನ್ನಿ. ಅಲ್ಲಿಯ ಯಂತ್ರವು ಹಿರಿಯದು ಮೊದಲೆಂದು ತಿಳಿದು ಅದನ್ನು 513 ಎಂದು ಓದುತ್ತದೆ. ತೊಟ್ಟಿ ತುಂಬಿತೆಂದು ಪಂಪು ನಿಲ್ಲುತ್ತದೆ; ಊರಿನ ನಲ್ಲಿಗಳು ಒಣಗುತ್ತವೆ. ಯಾವ ಯಂತ್ರವೂ ಕೆಟ್ಟಿಲ್ಲ! 1000ವು ತಿರುಗಿ 59395 ಆಗಿದ್ದರೆ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತಿತ್ತು. ನಿಜದಂತೆ ತೋರುವ ತಪ್ಪೇ ಹೆಚ್ಚು ಅಪಾಯಕರ. 257ರ ಬೈಟುಗಳು ‘1, 1’ ಆದುದರಿಂದ ಆ ಸಂಖ್ಯೆಯಿಂದ ಪರೀಕ್ಷಿಸಿದವನಿಗೆ ದೋಷವೇ ಕಾಣದು.

ಇನ್ನೊಂದು ತೊಡಕೂ ಉಂಟು. ಒಂದು ಬೈಟಿನ ಗುರುತು, ಅದರ ಹಿಂದೆ ನಾಲ್ಕು ಬೈಟಿನ ಅಳತೆ, ಹೀಗೊಂದು ಮಾಹಿತಿಯ ಕಟ್ಟು ಇದೆಯೆನ್ನೋಣ. ಎಂಟು ಬಿಟ್ಟಿನ ಎವಿಆರ್ ಮೈಕ್ರೋಕಂಟ್ರೋಲರಿನಲ್ಲಿ ಅದಕ್ಕೆ ಐದು ಮನೆಗಳು ಸಾಕು. ಮೂವತ್ತೆರಡು ಬಿಟ್ಟಿನ ಆರ್ಮ್ ಯಂತ್ರದಲ್ಲಿ ನಾಲ್ಕು ಬೈಟಿನ ಸಂಖ್ಯೆಯನ್ನು ಸಾಮಾನ್ಯವಾಗಿ ನಾಲ್ಕರಿಂದ ಭಾಗವಾಗುವ ಮನೆಯಿಂದಲೇ ಆರಂಭಿಸುವರು. ಆದುದರಿಂದ ನಡುವೆ ಮೂರು ಮನೆಗಳು ಬರಿದಾಗಿ ಕಟ್ಟು ಎಂಟು ಮನೆಗಳನ್ನು ವ್ಯಾಪಿಸುತ್ತದೆ. ಸ್ಮೃತಿಯಲ್ಲಿದ್ದುದನ್ನು ಇದ್ದಂತೆಯೇ ಕಳುಹಿಸಿದರೆ, ಪಡೆದ ಯಂತ್ರವು ಬರಿದಾದ ಮನೆಗಳನ್ನೂ ಮಾಹಿತಿಯೆಂದೇ ಓದೀತು.

ಇದಕ್ಕೆ ಪರಿಹಾರ ಸರಳ. ಪ್ರತಿಯೊಂದು ಸಂಖ್ಯೆಗೂ ಎಷ್ಟು ಬೈಟುಗಳು, ಯಾವುದು ಮೊದಲು ಎಂಬುದನ್ನು ಮುಂಚೆಯೇ ಬರೆದು ಒಪ್ಪಿಕೊಳ್ಳಬೇಕು. ಎರಡು ಬೈಟಿನ ಸಂಖ್ಯೆಯಾದರೆ, ಕಳುಹಿಸುವ ಯಂತ್ರವು ಅದನ್ನು 256ರಿಂದ ಭಾಗಿಸಿ, ಭಾಗಲಬ್ಧವನ್ನು ಮೊದಲೂ ಶೇಷವನ್ನು ಅನಂತರವೂ ಕಳುಹಿಸಲಿ. ಪಡೆಯುವ ಯಂತ್ರವು ಮೊದಲನೆಯದನ್ನು 256ರಿಂದ ಗುಣಿಸಿ ಎರಡನೆಯದನ್ನು ಕೂಡಲಿ. ಆಗ ಅವುಗಳ ಒಳರೂಢಿ ಯಾವುದಾದರೂ ಬಾಧಕವಿಲ್ಲ. 1981ರಲ್ಲಿ ಪ್ರಕಟವಾದ ಇಂಟರ್‌ನೆಟ್ ನಿಯಮಾವಳಿಯೂ ಹಿರಿಯ ಬೈಟೇ ಮೊದಲೆಂದು ವಿಧಿಸಿತು.

ಮನೆಯೊಳಗೆ ಯಾವ ಸೇರಿನಿಂದ ಅಳೆದರೂ, ಸಂತೆಯಲ್ಲಿ ಎಲ್ಲರೂ ಒಪ್ಪಿದ ಸೇರಿನಿಂದಲೇ ಅಳೆಯಬೇಕು. ಯಂತ್ರಗಳಿಗೂ ಈ ನೀತಿ ತಪ್ಪಿದ್ದಲ್ಲ.

ಅಭ್ಯಾಸ

1. ನಿಜದಂತೆ ತೋರುವ ತಪ್ಪು ಹೆಚ್ಚು ಅಪಾಯಕರವೇಕೆ?
2. 300ರ ಎರಡು ಬೈಟುಗಳನ್ನು ಕಂಡುಹಿಡಿಯಿರಿ. ಅವುಗಳ ಸ್ಥಾನ ಬದಲಾದರೆ ದೊರೆಯುವ ಸಂಖ್ಯೆ ಯಾವುದು?