ಸಹಿ ಹಾಕುವವನೇ ಇನ್‌ಸ್ಪೆಕ್ಟರ್

ಮನೆ ವೈರಿಂಗ್ ನೋಡುವುದಕ್ಕೆಂದೇ ಲೈಸೆನ್ಸ್ ಪಡೆದ ಇನ್‌ಸ್ಪೆಕ್ಟರುಗಳು ಅಮೆರಿಕದಲ್ಲಿದ್ದಾರೆ. ನಮ್ಮಲ್ಲಿ 2003ರ ವಿದ್ಯುಚ್ಛಕ್ತಿ ಕಾಯ್ದೆಯ 162ನೇ ಕಲಮಿನಡಿ ವಿದ್ಯುತ್ ಇನ್‌ಸ್ಪೆಕ್ಟರನ್ನು ಸರ್ಕಾರವೇ ನೇಮಿಸುತ್ತದೆ. ಕಾರ್ಖಾನೆ, ಟ್ರಾನ್ಸ್‌ಫಾರ್ಮರ್, ಎತ್ತರದ ಕಟ್ಟಡಗಳೇ ಅವರಿಗೆ ಕೈತುಂಬ ಕೆಲಸ. ಎರಡು ಕೋಣೆಯ ಮನೆಗೆ ಅವರು ಬರುವುದಿಲ್ಲ. ಅಲ್ಲಿ ಸೂಪರ್‌ವೈಸರ್ ಸರ್ಟಿಫಿಕೇಟ್ ಇದ್ದವನು ವೈರಿಂಗ್ ಟೆಸ್ಟ್ ರಿಪೋರ್ಟಿಗೆ ಹಾಕುವ ಸಹಿಯೇ ತಪಾಸಣೆ.

ಆ ಸರ್ಟಿಫಿಕೇಟನ್ನು ನಾನು ಪಡೆದದ್ದು ಕೋಲ್ಕತ್ತದಲ್ಲಿ. ದಾವಣಗೆರೆಯಲ್ಲಿ ಡಿಪ್ಲೊಮಾ ಮುಗಿಸಿ ಕೋಲ್ಕತ್ತದ ಬಿಬಿಡಿ ಬಾಗ್‌ನ ಕಂಟ್ರಾಕ್ಟರೊಬ್ಬರ ಬಳಿ ಸೇರಿದ್ದೆ. ಲೈಸೆನ್ಸಿಂಗ್ ಬೋರ್ಡಿನ ಕಚೇರಿ ಹತ್ತಿರದ ಕಿರಣಶಂಕರ್ ರಾಯ್ ರಸ್ತೆಯ ನ್ಯೂ ಸೆಕ್ರೆಟೇರಿಯಟ್‌ನಲ್ಲಿತ್ತು. ಅರ್ಜಿ, ಅನುಭವ ಪತ್ರ, ಚಲನ್ ಇವೆಲ್ಲ ಎಲ್ಲ ಕಚೇರಿಗಳ ಹಾಗೆಯೇ. ಅಲ್ಲಿ ಸರ್ಟಿಫಿಕೇಟಿನಲ್ಲಿ ಭಾಗಗಳಿವೆ. ಯಾವ ಭಾಗ ಪಾಸಾದಿರೋ ಆ ಬಗೆಯ ಕೆಲಸಕ್ಕಷ್ಟೇ ನಿಮಗೆ ಅಧಿಕಾರ. ಈ ಪದ್ಧತಿ ನನಗೆ ಹಿಡಿಸಿತು.

ನಿಜವಾದ ಪಾಠ ನಡೆದದ್ದು ಸುತ್ತಲಿನ ಹಳೆಯ ಕಟ್ಟಡಗಳಲ್ಲಿ. 1899ರಲ್ಲಿ ಆ ಊರಿಗೆ ಕರೆಂಟ್ ಬಂದದ್ದು ಡಿಸಿ (ನೇರ ಪ್ರವಾಹ) ರೂಪದಲ್ಲಿ. ನಗರದ ನಡುಭಾಗದ ಕೆಲವೆಡೆ ಎಸಿ (ಪರ್ಯಾಯ ಪ್ರವಾಹ) ಬಂದ ಮೇಲೂ ಡಿಸಿ ಬಹುಕಾಲ ಉಳಿಯಿತು. ಡಿಸಿ ಕಾಲದ ವೈರಿಂಗ್‌ನಲ್ಲಿ ಎರಡೂ ತಂತಿಗೆ ಫ್ಯೂಸ್ ಇರುತ್ತಿತ್ತು. ಸಪ್ಲೈ ಬದಲಾದರೂ ಮರದ ಬೋರ್ಡಿನ ಮೇಲೆ ಆ ಜೋಡಿ ಕಿಟ್‌ಕ್ಯಾಟ್ ಫ್ಯೂಸ್‌ಗಳು ಹಾಗೇ ಕೂತಿದ್ದನ್ನು ಕಂಡಿದ್ದೇನೆ. ಎಸಿಯಲ್ಲಿ ನ್ಯೂಟ್ರಲ್ ಫ್ಯೂಸ್ ಮಾತ್ರ ಹೋದರೆ ಫ್ಯಾನು ನಿಲ್ಲುತ್ತದೆ, ದೀಪ ಆರುತ್ತದೆ, ಮನೆಯವರು ಕರೆಂಟ್ ಹೋಯಿತೆಂದುಕೊಳ್ಳುತ್ತಾರೆ. ಫೇಸ್ ಮಾತ್ರ ಹೋಲ್ಡರಿನ ತನಕ ಜೀವಂತ! ಸ್ಟೂಲ್ ಹತ್ತಿ ಬಲ್ಬ್ ತಿರುಗಿಸಲು ಹೋದವನ ಗತಿ ನೀವೇ ಊಹಿಸಿ. ನ್ಯೂಟ್ರಲ್‌ನಲ್ಲಿ ಫ್ಯೂಸಾಗಲಿ ಒಂಟಿ ಸ್ವಿಚ್ಚಾಗಲಿ ಕೂಡದೆಂದು 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳೇ ಹೇಳಿದ್ದವು. ಓದುವಾಗ ಅದು ನನಗೆ ಬಾಯಿಪಾಠದ ಸಾಲಾಗಿತ್ತು.

ನಮ್ಮ ಹಿರಿಯ ಮಿಸ್ತ್ರಿ ದಾದಾ ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವರಲ್ಲ. ಕೇಸಿಂಗ್ ಪಟ್ಟಿ ಬಿಚ್ಚಿ ರಬ್ಬರ್ ವೈರನ್ನು ಉಗುರಿನಿಂದ ಒತ್ತುತ್ತಿದ್ದರು. ಹೊದಿಕೆ ಪುಡಿಯಾಗಿ ಉದುರಿದರೆ ಮುಂದಿನ ಮಾತಿಲ್ಲ. ನಾನು ಇನ್ಸುಲೇಶನ್ ಅಳೆಯುವ ಮೆಗ್ಗರ್ ಹಿಡಿದು 500 ವೋಲ್ಟ್‌ನಲ್ಲಿ ಒಂದು ಮೆಗಾಓಮ್ ಬರುತ್ತದೆಯೇ ಎಂದು ನೋಡುವಷ್ಟರಲ್ಲಿ ಅವರ ತೀರ್ಪು ಮುಗಿದಿರುತ್ತಿತ್ತು. ಆದರೂ ಕಾಗದಕ್ಕೆ ಬೇಕಾದದ್ದು ಮೆಗ್ಗರಿನ ಅಂಕಿ, ಉಗುರಿನದಲ್ಲ. ಸರ್ಟಿಫಿಕೇಟಿನ ಮೌಖಿಕ ಪರೀಕ್ಷೆಯಲ್ಲಿ ಕೇಳಿದ್ದೂ ಇದನ್ನೇ: ರೀಡಿಂಗ್ ಕಡಿಮೆ ಬಂದರೆ, ಮಾಲೀಕ ಅವಸರ ಮಾಡಿದರೆ, ಏನು ಮಾಡುತ್ತೀರಿ? ಸಹಿ ಹಾಕುವುದಿಲ್ಲ ಎಂದೆ. ಇದಕ್ಕಿಂತ ಜಾಣತನದ ಉತ್ತರ ಈಗಲೂ ನನ್ನಲ್ಲಿಲ್ಲ.

ಕರ್ನಾಟಕದಲ್ಲೂ ವೈರ್‌ಮನ್ ಪರ್ಮಿಟ್, ಸೂಪರ್‌ವೈಸರ್ ಪರ್ಮಿಟ್, ಕಂಟ್ರಾಕ್ಟರ್ ಲೈಸೆನ್ಸ್ ಎಂದೇ ಮೆಟ್ಟಿಲುಗಳು. ಇಲ್ಲಿ ನಾನು ಕಂಡ ರೋಗವೆಂದರೆ ಬಾಡಿಗೆ ಸಹಿ: ಸೈಟನ್ನೇ ನೋಡದವರ ಸೀಲು ರಿಪೋರ್ಟಿನ ಮೇಲಿರುತ್ತದೆ. ಮಾಲೀಕರು ಗ್ರಾನೈಟ್‌ಗೆ ಹತ್ತು ಅಂಗಡಿ ಅಲೆಯುತ್ತಾರೆ, ಅರ್ಥಿಂಗ್ ಗುಂಡಿ ಎಲ್ಲಿದೆ ಎಂದು ಮಾತ್ರ ಕೇಳುವುದಿಲ್ಲ.

ನೀವಾದರೂ ಕೇಳಿ. ಸಹಿ ಹಾಕುವವರು ಖುದ್ದು ಮನೆಗೆ ಬರಲಿ, ಮೆಗ್ಗರ್ ರೀಡಿಂಗನ್ನೂ ಅರ್ಥ್ ರೀಡಿಂಗನ್ನೂ ನಿಮ್ಮೆದುರೇ ಬರೆದುಕೊಡಲಿ, ಕರೆಂಟ್ ಸೋರಿದರೆ ಸಪ್ಲೈ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ತೋರಿಸಲಿ. ಕೊನೆಯ ಕಂತಿನ ಹಣ ಆಮೇಲೆ ಕೊಡಿ.