ಮೊದಲು ಹಾಸಿಗೆ ಹಿಡಿದವರು

ರಾತ್ರಿ ಊಟ ಮುಗಿಸಿ ಎಲ್ಲರೂ ಕಲಿಕಾ ಕೇಂದ್ರಕ್ಕೆ ಬಂದರು. ಅಂದು ಏಡ್ಸ್ ಪಾಠ. ಹಿಂದೆ ಕುಳಿತ ಅಕ್ಕ ಕೇಳಿದರು.

"ಟೀಚರ್, ಗಂಡ ಹೆಂಡತಿ ಇಬ್ಬರಿಗೂ ಎಚ್.ಐ.ವಿ. ಇದೆ. ಹೆಂಡತಿ ಮೊದಲು ಹಾಸಿಗೆ ಹಿಡಿದಳು. ಗಂಡ ಗಟ್ಟಿಮುಟ್ಟಾಗಿ ಓಡಾಡ್ತಾನೆ. ಅವಳೇ ರೋಗ ತಂದಳು ಅಂತ ಅತ್ತೆ ಹೊರಗೆ ಹಾಕಿದರು. ಅದು ನಿಜವಾ?"

ಹಾಗೆ ಹೇಳಲು ಬರುವುದಿಲ್ಲ ಅಕ್ಕ. ಯಾಕೆ ಅಂತ ನೋಡೋಣ.

ನಮ್ಮ ರಕ್ತದಲ್ಲಿ ಬಿಳಿ ಕಣಗಳಿವೆ. ಅವು ಹೊಲದ ಕಾವಲುಗಾರರ ಹಾಗೆ. ಎಚ್.ಐ.ವಿ. ವೈರಸ್ ಈ ಕಾವಲುಗಾರರ ಒಳಗೇ ಹೊಕ್ಕು ಅವರನ್ನು ಕೊಲ್ಲುತ್ತದೆ. ಕಾವಲು ತೀರ ಕಡಿಮೆಯಾದಾಗ ಕ್ಷಯದಂಥ ರೋಗಗಳು ನುಗ್ಗುತ್ತವೆ. ಅದೇ ಏಡ್ಸ್. ಔಷಧಿ ಇಲ್ಲದಿದ್ದರೆ ಇದಕ್ಕೆ ಸಾಮಾನ್ಯವಾಗಿ 8-10 ವರ್ಷ ಬೇಕು. ಕೆಲವರಿಗೆ 2-3 ವರ್ಷವೇ ಸಾಕು. ಕೆಲವರು 15 ವರ್ಷ ದಾಟುತ್ತಾರೆ.

ರಾಗಿಯಲ್ಲಿ ಬೇಗ ಕೊಯ್ಲಿಗೆ ಬರುವ ತಳಿ, ತಡವಾಗಿ ಬರುವ ತಳಿ ಇಲ್ಲವೇ? ವೈರಸ್ಸಿನಲ್ಲೂ ತಳಿಗಳಿವೆ. ಎಚ್.ಐ.ವಿ. 1 ಲೋಕದ ತುಂಬ ಇದೆ. ಎಚ್.ಐ.ವಿ. 2 ಪಶ್ಚಿಮ ಆಫ್ರಿಕಾದಲ್ಲಿ ಹೆಚ್ಚು, ನಮ್ಮ ದೇಶದಲ್ಲಿ ಸ್ವಲ್ಪ. ಇದು ನಿಧಾನದ್ದು. ಒಂದೇ ಮೈಯಲ್ಲೂ ವೈರಸ್ ಬದಲಾಗುತ್ತದೆ. ಮೊದಲು ಒಂದು ಬಾಗಿಲಿನಿಂದ ಕಣದೊಳಗೆ ಹೋಗುತ್ತಿದ್ದದ್ದು, ಕೆಲವರಲ್ಲಿ ವರ್ಷಗಳ ಮೇಲೆ ಇನ್ನೊಂದು ಬಾಗಿಲನ್ನೂ ಕಲಿಯುತ್ತದೆ. ಆಗ ಕಾವಲು ಬೇಗ ಬೇಗ ಕುಸಿಯುತ್ತದೆ.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಒಬ್ಬ ರಕ್ತದಾನಿಯಿಂದ ಹಲವರಿಗೆ ಎಚ್.ಐ.ವಿ. ತಗುಲಿತು. ಎಷ್ಟೋ ವರ್ಷವಾದರೂ ಅವರಿಗೆ ಏಡ್ಸ್ ಆಗಲಿಲ್ಲ. 1995ರಲ್ಲಿ ವಿಜ್ಞಾನಿಗಳು ಕಾರಣ ತಿಳಿಸಿದರು. ಆ ವೈರಸ್ಸಿನ ಒಂದು ತುಣುಕೇ ಇರಲಿಲ್ಲ. ಹಲ್ಲು ಮುರಿದ ಹಾವು ಅನ್ನಿ! ಆದರೂ ನಂಬುವಂತಿಲ್ಲ. ಅವರಲ್ಲೂ ಕೆಲವರ ಕಾವಲು ಮೆಲ್ಲಗೆ ಇಳಿಯಿತು. 1999ರಲ್ಲಿ ಆ ದಾನಿಯೂ ಔಷಧಿ ಶುರುಮಾಡಬೇಕಾಯಿತು.

"ಗಂಡ ಹೆಂಡತಿಗೆ ಒಂದೇ ವೈರಸ್ ಅಲ್ವಾ ಟೀಚರ್?"

ಸಾಮಾನ್ಯವಾಗಿ ಹೌದು. ಬೀಜ ಒಂದೇ, ಹೊಲ ಎರಡು. ಒಬ್ಬೊಬ್ಬರ ಮೈ ತಡೆಯುವ ಶಕ್ತಿ ಬೇರೆ. ವಯಸ್ಸು ಬೇರೆ. ಒಬ್ಬರಿಗೆ ಕ್ಷಯವೂ ಇರಬಹುದು. ಗಂಡನಿಂದಲೇ ಬಂದಿದ್ದರೂ ಹೆಂಡತಿ ಮೊದಲು ಮಲಗಬಹುದು.

ಈಗ ಯಾವ ತಳಿಗೂ ಕಾಯುತ್ತ ಕೂರುವ ಹಾಗಿಲ್ಲ. 2004ರಿಂದ ಸರ್ಕಾರ ಏ.ಆರ್.ಟಿ. ಔಷಧಿಯನ್ನು ಉಚಿತವಾಗಿ ಕೊಡುತ್ತಿದೆ. ಸೋಂಕು ಗೊತ್ತಾದ ಕೂಡಲೇ ಶುರುಮಾಡುತ್ತಾರೆ. ದಿನಾ ತಪ್ಪದೆ ನುಂಗಿದರೆ ಕಾವಲು ಮತ್ತೆ ಬೆಳೆಯುತ್ತದೆ. ವೈರಸ್ ಪೂರ್ತಿ ಹೋಗುವುದಿಲ್ಲ, ಅಡಗಿರುತ್ತದೆ. ಆದ್ದರಿಂದ ಮಾತ್ರೆ ಬಿಡಬಾರದು.

ಎಲ್ಲರೂ ಎದ್ದು ಹೋದರು. ಆ ಅಕ್ಕ ಮಾತ್ರ ನಿಂತರು.

"ಅವಳು ನನ್ನ ತಂಗಿ, ಟೀಚರ್. ನಮ್ಮ ಮನೇಲೇ ಇದ್ದಾಳೆ. ನಾಚಿಕೆಪಟ್ಟು ಮಾತ್ರೆ ನಿಲ್ಲಿಸಿಬಿಟ್ಟಿದ್ದಾಳೆ."

"ನಾಳೆ ಮೊದಲ ಬಸ್ಸಿಗೆ ಮೂವರೂ ಹೋಗೋಣ ಅಕ್ಕ" ಎಂದೆ.

ಓದಿ, ಬರೆಯಿರಿ: ರಕ್ತ, ತಳಿ, ಕಾವಲು, ಔಷಧಿ, ಮಾತ್ರೆ.